ಕಾಶವ್ವನ ಮನೆಯಲ್ಲಿಟ್ಟ ಗಂಟು

ನಮ್ಮ ಮನೆಯಲ್ಲಿ ಊರಿಗೆ ಹೋಗುವುದಕ್ಕಿಂತ ಊರಿಗೆ ಹೋಗದೇ ಉಳಿಯುವುದಕ್ಕೇ ಹೆಚ್ಚು ತಯಾರಿ ನಡೆಯುತ್ತಿತ್ತು. ಅಪ್ಪ ಬೈಲಹೊಂಗಲದ ಕನ್ನಡ ಶಾಲೆಯಲ್ಲಿ ಮಾಸ್ತರ. ಬೇಸಿಗೆಯ ಸೂಟಿ ಹತ್ತಿರ ಬಂತೆಂದರೆ ಅಟ್ಟದ ಮೇಲಿನ ಕಟ್ಟಿಗೆಯ ಪೆಟ್ಟಿಗೆ ಕೆಳಗಿಳಿಯುತ್ತಿತ್ತು. ಅವ್ವ ಅದರೊಳಗಿನ ಜಿರಲೆಗಳನ್ನು ಓಡಿಸಿ, ಬಿಸಿಲಿಗೆ ಇಟ್ಟು, ತಳಕ್ಕೆ ಬೇವಿನ ಎಲೆ ಹಾಸಿ ಸೀರೆ, ಧೋತರ, ನಮ್ಮ ಅಂಗಿಗಳನ್ನು ತುಂಬುತ್ತಿದ್ದಳು. ಎರಡು ದಿನ ಮನೆಯೆಲ್ಲ ಓಡಾಟ. ಮೂರನೆಯ ದಿನ ಏನಾದರೊಂದು ಅಡ್ಡ ಬಂದು, ತುಂಬಿದ್ದೆಲ್ಲ ಹೊರಗೆ ಬಂದು ಮತ್ತೆ ಗೋಡೆಯ ಗೂಟಗಳಿಗೆ ನೇತಾಡುತ್ತಿತ್ತು. ಒಂದು ವರ್ಷ ಹೊರಡುವ ಮುಂಜಾನೆಯೇ ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ದಮ್ಮು ಏರಿತು. ಮರುವರ್ಷ ಎತ್ತು ಕುಂಟಿತು, ಅಪಶಕುನವೆಂದು ಆಯಿ ಹೊರಡಗೊಡಲಿಲ್ಲ. ಅದರಾಚೆಯ ವರ್ಷ ನಾವು ಹೊರಡಬೇಕಾಗಿದ್ದ ಚಕ್ಕಡಿಯಲ್ಲೇ ರಾಮದುರ್ಗದಿಂದ ಆಯಿಯ ದೂರದ ತಂಗಿಯೊಬ್ಬಳು ಬಂದಿಳಿದಳು, ಇಳಿದವಳು ಸೂಟಿ ಮುಗಿಯುವವರೆಗೂ ಏಳಲಿಲ್ಲ. ಹೀಗೆ ಮೂರು ವರ್ಷ ಅವ್ವ ಪೆಟ್ಟಿಗೆ ತುಂಬಿದಳು, ಮೂರು ವರ್ಷ ಬರಿದು ಮಾಡಿದಳು. ಅವಳ ತವರು ಇದ್ದದ್ದು ಎಲ್ಲೋ ಸಮುದ್ರದಾಚೆಯಲ್ಲ, ಕಟಕೋಳದಲ್ಲಿ. ಚಕ್ಕಡಿಯಲ್ಲಿ ಎರಡು ದಿನದ ಹಾದಿ.

ನನಗೆ ಆಗ ಎಂಟೋ ಒಂಬತ್ತೋ ವರ್ಷ. ಕುಂತಲ್ಲಿ ಕೂರದ ಹುಡುಗಿ ಎಂದು ನನಗೆ ಹೆಸರಿತ್ತು. ಆ ಹೆಸರನ್ನು ಈ ವಯಸ್ಸಿನಲ್ಲೂ ಕಾಪಾಡಿಕೊಂಡು ಬಂದಿದ್ದೇನೆ. ನನ್ನ ಸ್ವಭಾವ ಎಲ್ಲಿಂದ ಬಂತು ಎಂದು ಸೊಸೆಯಂದಿರು ಕೇಳಿದಾಗಲೆಲ್ಲ ಆ ಬೇಸಿಗೆಗಳನ್ನು ನೆನೆಯುತ್ತೇನೆ. ಮನೆಯ ಸಾಮಾನು ಅರ್ಧ ಪೆಟ್ಟಿಗೆಯಲ್ಲಿ ಅರ್ಧ ಗೂಟದಲ್ಲಿ ಇರುವಾಗ ಯಾವ ಮಗು ನೆಟ್ಟಗೆ ಕೂತೀತು? ಹೋಗುತ್ತೇವೋ ಇಲ್ಲವೋ ಗೊತ್ತಿಲ್ಲದೆ ನಾನು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ತಿರುಗುತ್ತಿದ್ದೆ. ಮೂರು ವರ್ಷದ ತಮ್ಮ ಬಸು ನನ್ನ ಪರಕಾರದ ತುದಿ ಹಿಡಿದು ಹಿಂದೆ ಹಿಂದೆ ಬರುತ್ತಿದ್ದ. ನಮ್ಮಿಬ್ಬರ ಈ ಮೆರವಣಿಗೆ ನೋಡಿ ಆಯಿಯ ತಲೆ ತಿರುಗುತ್ತಿತ್ತಂತೆ.

ನಾಲ್ಕನೆಯ ವರ್ಷದ ಮಾತು ಬೇರೆ. ಯುಗಾದಿ ಕಳೆದು ಎಂಟು ದಿನಕ್ಕೆ ಕಟಕೋಳದ ಕಡೆಯಿಂದ ಹತ್ತಿ ಬಂಡಿಯ ಜೊತೆ ಬಂದ ಒಬ್ಬಾತ ನಮ್ಮ ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಅವ್ವನ ತವರಿನ ಸುದ್ದಿ ಹೇಳಿದ. ಅವ್ವನ ತಾಯಿಗೆ ಕಣ್ಣಲ್ಲಿ ಪೊರೆ ಬಂದಿತ್ತು. ಒಂದು ಕಣ್ಣು ದೀಪಾವಳಿಗೇ ಹೋಗಿತ್ತು. ಇನ್ನೊಂದರಲ್ಲಿ ದಿನದಿಂದ ದಿನಕ್ಕೆ ಮಬ್ಬು ಹೆಚ್ಚುತ್ತಿತ್ತು. ಮುದುಕಿ ಹೇಳಿಕಳಿಸಿದ್ದು ಇಷ್ಟು:

“ಇನ್ನೂ ಅಷ್ಟಿಷ್ಟು ಕಾಣತೈತಿ. ಅದೂ ಹೋಗೂದ್ರಾಗ ಒಮ್ಮೆ ಬಂದು ಹೋಗಂತ ಹೇಳಪಾ. ಆಕಿ ಮಖಾ ನೋಡಬೇಕು, ಮಕ್ಕಳ ಮಖಾ ನೋಡಬೇಕು.”

ಅವ್ವ ಬಾಗಿಲ ಹಿಂದೆ ನಿಂತು ಕೇಳಿದಳು. ಅಳಲಿಲ್ಲ. ಆ ಮನುಷ್ಯ ಹೋದ ಮೇಲೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು, ಆ ದಿನದ ರೊಟ್ಟಿ ಬಡಿದ ಸದ್ದು ಓಣಿಗೆಲ್ಲ ಕೇಳಿಸಿರಬೇಕು. ಅಪ್ಪ ಸಂಜೆ ಬಂದವನೇ ಸುದ್ದಿ ಕೇಳಿ, ಈ ಸಲ ಹೋಗೋಣ ಎಂದ. ಅಪ್ಪ ಪ್ರತಿ ಸಲವೂ ಹಾಗೇ ಅನ್ನುತ್ತಿದ್ದ. ಆಯಿ ಅಡಿಕೆ ಕುಟ್ಟುತ್ತ ಕೂತಿದ್ದಳು. ಅವಳು ಏನೂ ಅನ್ನಲಿಲ್ಲ, ಕುಟ್ಟುವುದು ಮಾತ್ರ ಒಂದು ಕ್ಷಣ ನಿಂತು ಮತ್ತೆ ಸುರುವಾಯಿತು. ನನಗೆ ಆ ವಯಸ್ಸಿಗೇ ಆಯಿಯ ಮೌನದ ಮೇಲೆ ನಂಬಿಕೆ ಇರಲಿಲ್ಲ.

ಊರಿಗೆ ಹೋಗುವ ಸಾಮಾನಿನ ವಿಷಯದಲ್ಲಿ ಅಪ್ಪ ಅವ್ವನದು ಎರಡು ಮತ. ಅಪ್ಪ ಶಾಲೆಯ ಪಾಟಿಯ ಮೇಲೆ ಬಳಪದಿಂದ ‘ಪ್ರವಾಸಕ್ಕೆ ಉಪಯುಕ್ತ ವಸ್ತುಗಳು’ ಎಂದು ದೊಡ್ಡದಾಗಿ ಬರೆದು, ಕೆಳಗೆ ಗೆರೆ ಎಳೆದು, ಒಂದರ ಕೆಳಗೊಂದು ಬರೆಯುತ್ತ ಹೋಗುತ್ತಿದ್ದ: ಸುತ್ತಿಗೆ, ಮೊಳೆ, ಶಾಯಿಯ ದೌತಿ, ಲೆಕ್ಕಣಿಕೆ, ಅಳತೆಪಟ್ಟಿ, ಎರಡು ಛತ್ರಿ. ಹಾದಿಯಲ್ಲಿ ಅಳತೆಪಟ್ಟಿ ಯಾಕೆ ಬೇಕೆಂದು ನಾನು ಒಮ್ಮೆ ಕೇಳಿದ್ದಕ್ಕೆ, ಬೇಕಾದಾಗ ಗೊತ್ತಾಗುತ್ತದೆ ಎಂದಿದ್ದ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಹಾದಿಯನ್ನೇ ಮನಸ್ಸಿನಲ್ಲಿ ನಡೆದು ನೋಡುತ್ತಿದ್ದಳು. ಹೊತ್ತು ಏರಿದರೆ ನೀರಡಿಕೆ ಆಗುತ್ತದೆ, ಅದಕ್ಕೆ ತತ್ರಾಣಿ, ಅಂದರೆ ಸಣ್ಣ ಬಾಯಿಯ ಮಣ್ಣಿನ ನೀರಿನ ಪಾತ್ರೆ. ಅದು ಬರಿದಾದರೆ ಹಾದಿಯ ಬಾವಿಯಿಂದ ಸೇದಬೇಕು, ಅದಕ್ಕೆ ಹಗ್ಗ ಮತ್ತು ಚರಿಗೆ. ಯರಗಟ್ಟಿಯಲ್ಲಿ ತಂಗಬೇಕು, ಅಲ್ಲಿಗೆ ಕಂದೀಲು, ಹಾಸಲು ಉಣ್ಣೆಯ ಜಾಡಿ, ಹೊದೆಯಲು ಎರಡು ಕೌದಿ. ಬಸು ಹಾದಿಯಲ್ಲಿ ಅಂಗಿ ಹರಿದುಕೊಳ್ಳುವುದು ಖಂಡಿತ, ಸೂಜಿ ದಾರ. ಬಿಸಿಲು ಬಡಿದರೆ ಮೂಸಲು ಉಳ್ಳಾಗಡ್ಡಿ. ಒಣಗಿಸಿದ ಖಡಕ್ ರೊಟ್ಟಿ, ಗುರೆಳ್ಳಿನ ಚಟ್ನಿ, ಮಕ್ಕಳಿಗೆ ಬೆಲ್ಲ ಶೇಂಗಾ. ಹೀಗೆ ಅವಳು ಕಟಕೋಳದ ತನಕ ನಡೆದು ಮುಟ್ಟುವಷ್ಟರಲ್ಲಿ ಅವಳ ಬೆರಳ ಗೆಣ್ಣುಗಳೆಲ್ಲ ಎಣಿಸಿ ಮುಗಿದಿರುತ್ತಿದ್ದವು.

ಆದರೆ ಹೊರಡುವುದಕ್ಕೆ ಒಳ್ಳೆಯ ದಿನ ಬೇಕಲ್ಲ. ಪಂಚಾಂಗ ನೋಡುವ ಅಯ್ಯನವರು ಬಂದು ಬೆರಳು ಮಡಚಿ ಬಿಚ್ಚಿ, ಬರುವ ಗುರುವಾರ ಬೆಳಿಗ್ಗೆ ಚಲೋ ಇದೆ, ಅದು ತಪ್ಪಿದರೆ ಮುಂದೆ ಇಡೀ ಸೂಟಿಯಲ್ಲಿ ಮೂಡಣ ದಿಕ್ಕಿಗೆ ಪ್ರಯಾಣವೇ ಇಲ್ಲ ಎಂದರು. ಶಾಲೆ ಮುಗಿಯುವುದು ಸೋಮವಾರ. ಪರೀಕ್ಷೆ ನಡೆಸುವ ಮಾಸ್ತರ ಗುರುವಾರ ಹೇಗೆ ಹೊರಟಾನು? ಆಯಿ ಅಯ್ಯನವರ ಮುಂದೆ ಬೆಲ್ಲ ನೀರು ಇಡುತ್ತ ಸಮಾಧಾನದ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಆಗಲೇ ಅವ್ವ ಬಾಗಿಲ ಸಂದಿಯಿಂದ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ, ಮೆಲ್ಲಗೆ ಕೇಳಿದಳು:

“ಪ್ರಸ್ಥಾನ ಇಟ್ರ ನಡೀತೈತೇನ್ರಿ?”

ಅಯ್ಯನವರು ತಲೆಯಾಡಿಸಿದರು. ನಡೆಯುತ್ತದೆ, ಧಾರಾಳವಾಗಿ ನಡೆಯುತ್ತದೆ. ಈಗಿನವರಿಗೆ ಈ ಪದ್ಧತಿ ಮರೆತೇಹೋಗಿದೆ. ಒಳ್ಳೆಯ ದಿನ ಹೊರಡಲಾಗದವರು ಆ ಹೊತ್ತಿಗೆ ತಮ್ಮ ಗಂಟೊಂದನ್ನು ಹೊಸ್ತಿಲು ದಾಟಿಸಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಡುತ್ತಿದ್ದರು. ಗಂಟು ಹೊರಟಿತೆಂದರೆ ಮನುಷ್ಯರೂ ಹೊರಟ ಹಾಗೆಯೇ. ಆಮೇಲೆ ಐದು ದಿನದೊಳಗೆ ಯಾವಾಗ ಬೇಕಾದರೂ ಹೋಗಿ, ಹಾದಿಯಲ್ಲಿ ಗಂಟನ್ನು ಎತ್ತಿಕೊಂಡು ಮುಂದೆ ಸಾಗಬಹುದು. ಕಟ್ಟಳೆ ಒಂದೇ: ಹೊರಗೆ ಹೋದ ಗಂಟು, ಅದರೊಳಗಿನ ಒಂದು ಕಡ್ಡಿ ಕೂಡ, ತಿರುಗಿ ಮನೆಯೊಳಗೆ ಬರಕೂಡದು. ಬಂದರೆ ಪ್ರಸ್ಥಾನ ಮುರಿಯಿತು, ಪ್ರಯಾಣ ಮುಗಿಯಿತು. ಎಲ್ಲರೂ ಇಡುತ್ತಿದ್ದದ್ದು ಒಂದು ವಸ್ತ್ರ, ಒಂದು ಹಿಡಿ ಧಾನ್ಯ, ಅರಿಷಿಣದ ಬೇರು, ಎರಡು ಅಡಿಕೆ, ಅಷ್ಟೆ.

ನಮ್ಮವ್ವ ಅಷ್ಟಕ್ಕೆ ನಿಲ್ಲಲಿಲ್ಲ. ಗುರುವಾರ ಬೆಳಿಗ್ಗೆ ಅವಳು ಜಾಡಿ ಹಾಸಿ ಅದರ ನಡುವೆ ಅರಿಷಿಣ ಅಡಿಕೆ ಇಟ್ಟಳು. ಅದರ ಮೇಲೆ ಬಾವಿಯ ಹಗ್ಗ ಸುತ್ತಿ ಇಟ್ಟಳು. ಆಮೇಲೆ ಚರಿಗೆ, ಮನೆಯಲ್ಲಿದ್ದ ಒಂದೇ ಕಂದೀಲು, ಈಳಿಗೆ, ರೊಟ್ಟಿಯ ಹಂಚು, ಕೌದಿಗಳು, ಸೂಜಿ ದಾರ, ಉಪ್ಪು ಖಾರದ ಬಟ್ಟಲು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಸೋಮವಾರದವರೆಗೆ ಮನೆಯಲ್ಲಿ ಅಡುಗೆ ಹೇಗೆ, ನೀರು ಹೇಗೆ ಎಂದು ಕೇಳಬೇಕೆನಿಸಿತು, ಅವಳ ಮುಖ ನೋಡಿ ಸುಮ್ಮನಾದೆ. ಆಗ ನನಗೆ ತಿಳಿಯಲಿಲ್ಲ, ಈಗ ತಿಳಿಯುತ್ತದೆ. ಮೂರು ಸಲ ಪೆಟ್ಟಿಗೆ ಬರಿದು ಮಾಡಿದವಳು ಈ ಸಲ ಮನೆಯನ್ನೇ ಬರಿದು ಮಾಡಿ, ಉಳಿಯುವುದನ್ನು ಕಷ್ಟ ಮಾಡಿಬಿಟ್ಟಿದ್ದಳು. ಅಪ್ಪನಿಗೆ ಅದು ಗೊತ್ತಾಯಿತೆಂದು ಕಾಣುತ್ತದೆ. ಗಂಟು ಎತ್ತಲು ಬಾಗಿದವನು ಅದರ ಭಾರಕ್ಕೆ ಒಮ್ಮೆ ಅವ್ವನ ಕಡೆ ನೋಡಿ, ಮೀಸೆಯೊಳಗೆ ನಕ್ಕು, ಹೆಗಲಿಗೇರಿಸಿದ.

ಗಂಟು ಕಟ್ಟುವ ಮೊದಲು ನಾನೂ ಒಂದು ಕೆಲಸ ಮಾಡಿದೆ. ಯಾರಿಗೂ ಹೇಳಲಿಲ್ಲ. ಆಯಿಯ ದಮ್ಮಿಗೆ ಕಿತ್ತೂರಿನ ಹಕೀಮರೊಬ್ಬರು ಕೊಟ್ಟ ಪುಡಿ ಇತ್ತು, ಒಂದು ಸಣ್ಣ ತಗಡಿನ ಡಬ್ಬಿಯಲ್ಲಿ, ದೇವರ ಮಾಡದ ಪಕ್ಕದ ಗೂಡಿನಲ್ಲಿ. ಆ ಪುಡಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಮೊದಲ ವರ್ಷ ನಮ್ಮ ಪ್ರಯಾಣ ನಿಲ್ಲಿಸಿದ್ದು ಆಯಿಯ ದಮ್ಮು. ಅದು ಖರೆ ದಮ್ಮೋ ಸುಳ್ಳು ದಮ್ಮೋ ಎಂದು ಓಣಿಯ ಹೆಂಗಸರು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದೆ. ನನ್ನ ಲೆಕ್ಕ ಹೀಗಿತ್ತು: ಗಂಟು ಹೊರಟರೆ ನಾವೂ ಹೊರಟ ಹಾಗೆ ಅಂತಾದರೆ, ದಮ್ಮಿನ ಔಷಧ ಹೊರಟರೆ ದಮ್ಮೂ ಮನೆಬಿಟ್ಟು ಹೊರಟ ಹಾಗೆ. ಅವ್ವ ಕುಂಕುಮ ತರಲು ಒಳಗೆ ಹೋದಾಗ ಡಬ್ಬಿಯನ್ನು ಕೌದಿಯ ಮಡಿಕೆಯಲ್ಲಿ ತುರುಕಿಬಿಟ್ಟೆ. ಬಹಳ ಜಾಣತನದ ಕೆಲಸ ಮಾಡಿದೆನೆಂದು ಆ ದಿನ ಪೂರ್ತಿ ಹಿಗ್ಗುತ್ತ ತಿರುಗಿದೆ.

ಗಂಟು ಹೋದದ್ದು ನಮ್ಮ ಓಣಿಯ ಮೂಡಣ ತುದಿಯಲ್ಲಿದ್ದ ಕಾಶವ್ವನ ಮನೆಗೆ. ಅವಳದು ದೊಡ್ಡ ಬಾಯಿ, ದೊಡ್ಡ ಕೈ, ದೊಡ್ಡ ನಗು. ಗಂಟನ್ನು ತನ್ನ ಪಡಸಾಲೆಯ ಮೂಲೆಯಲ್ಲಿ ಇಡಿಸಿಕೊಂಡು, ಇಷ್ಟು ದೊಡ್ಡ ಪ್ರಸ್ಥಾನವನ್ನು ತಾನು ಹುಟ್ಟಿದಾಗಿನಿಂದ ನೋಡಿಲ್ಲ ಎಂದಳು. ಮನೆಗೆ ಬಂದರೆ ನಮ್ಮ ನಡುಮನೆ ಗುರುತು ಸಿಗದಂತಾಗಿತ್ತು. ಕಂದೀಲಿನ ಗೂಟ ಬರಿದು, ಕೌದಿಯ ಹಗ್ಗ ಬರಿದು. ನನಗೆ ಕಾಲು ನಿಲ್ಲದಾಯಿತು. ಗಂಟೆಗೊಮ್ಮೆ ಓಡಿಹೋಗಿ ಗಂಟು ಅಲ್ಲೇ ಇದೆಯೇ ಎಂದು ನೋಡಿಬರುತ್ತಿದ್ದೆ. ಅವ್ವನೂ ಕಸ ಗುಡಿಸುತ್ತ ಗುಡಿಸುತ್ತ ಅಂಗಳ ದಾಟಿ ಓಣಿಯ ಅರ್ಧದವರೆಗೆ ಗುಡಿಸಿಬಿಡುತ್ತಿದ್ದಳು. ಶುಕ್ರವಾರ ಮುಂಜಾನೆ ಆಯಿ ಬಾವಿಯ ಕಟ್ಟೆಯ ಮೇಲೆ ನಿಂತು ಕೂಗಿದಳು:

“ಹಗ್ಗ ಎಲ್ಲೈತಿ? ನೀರ ಸೇದಾಕ ನನ್ನ ಸೀರಿ ಬಿಚ್ಚಿ ಕೊಡ್ಲೇನ?”

“ತಡೀರಿ ಅತ್ಯಾರ, ಕಾಶವ್ವನ ಹಗ್ಗ ತರತೇನ್ರಿ,” ಅವ್ವ ಅಂದಳು.

“ನಮ್ಮ ಹಗ್ಗ ಆಕಿ ಮನ್ಯಾಗ, ಆಕಿ ಹಗ್ಗ ನಮ್ಮ ಮನ್ಯಾಗ! ಭಾಳ ಚಲೋ ಆತು ಬಿಡು ಸಂಸಾರ.”

ಹಂಚೂ ಕಾಶವ್ವನ ಮನೆಯಿಂದಲೇ ಬಂತು. ಈಳಿಗೆ ಎದುರು ಮನೆಯಿಂದ. ಸಂಜೆಗೆ ಎಣ್ಣೆಯ ಪಣತಿಯ ಬೆಳಕಿನಲ್ಲಿ ಅಪ್ಪ ಉತ್ತರಪತ್ರಿಕೆ ನೋಡಿದ. ಆಯಿ ತನ್ನ ಜಾಗದಲ್ಲಿ ಗೋಡೆಗೆ ಒರಗಿ, ತನ್ನನ್ನು ಯಾರೂ ಕೇಳುವವರಿಲ್ಲ, ಸೋಮವಾರದ ನಂತರ ಈ ಬರಿ ಗೋಡೆಗಳನ್ನು ನೋಡುತ್ತ ಕೂರಬೇಕು ಎಂದು ಗೊಣಗಿದಳು. ನಾನು ಆ ಮಾತನ್ನು ಅವಳ ಎಂದಿನ ಗೊಣಗಾಟ ಎಂದುಕೊಂಡೆ. ಅದರಲ್ಲಿ ಭಯ ಇತ್ತೆಂದು ತಿಳಿಯಲು ನಾನೇ ಮುದುಕಿಯಾಗಬೇಕಾಯಿತು. ಸೂಟಿಯ ಒಂದು ತಿಂಗಳು ಮಗ ಸೊಸೆ ಮೊಮ್ಮಕ್ಕಳು ಇಲ್ಲದ ಮನೆಯಲ್ಲಿ ಒಬ್ಬಳೇ ಇರುವುದನ್ನು ಅವಳು ನೆನೆಸಿಕೊಳ್ಳಲಾರದೇ ಹೋಗಿದ್ದಳು. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವಳದಲ್ಲ.

ಶನಿವಾರ ಮಧ್ಯಾಹ್ನ ಬಿಸಿಲು ಕೆಂಡವಾಗಿತ್ತು. ಅರಳೆ ತುಂಬಿದ ಬಂಡಿಗಳು ಓಣಿಯ ಬಾಯಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಒಂದು ಗಾಳಿ ಎದ್ದು ಧೂಳು, ಹತ್ತಿಯ ಎಳೆ ಎಲ್ಲವನ್ನೂ ತಂದು ನಮ್ಮ ಕಟ್ಟೆಗೆ ಸುರಿಯಿತು. ಕಟ್ಟೆಯ ಮೇಲೆ ಕೂತಿದ್ದ ಆಯಿ ಕೆಮ್ಮುತ್ತ ಒಳಗೆ ಬಂದಳು. ಕೆಮ್ಮು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಉಸಿರು ಸಿಳ್ಳೆ ಹಾಕತೊಡಗಿತು. ಅವಳು ಎರಡೂ ಕೈ ನೆಲಕ್ಕೆ ಊರಿ, ಕುತ್ತಿಗೆಯ ನರ ಬಿಗಿದು, ಗಾಳಿಗಾಗಿ ಬಾಯಿ ತೆರೆಯುತ್ತಿದ್ದಳು. ಇದು ಸುಳ್ಳಲ್ಲ ಎಂದು ನನಗೂ ತಿಳಿಯಿತು. ಅಪ್ಪ ಶಾಲೆಯಲ್ಲಿದ್ದ. ಅವ್ವ ಗೂಡಿಗೆ ಕೈ ಹಾಕಿದಳು. ಇಲ್ಲ. ಮಾಡದಲ್ಲಿ ನೋಡಿದಳು. ಇಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗೆ ಕೆಡವಿದಳು.

“ಡಬ್ಬಿ ಎಲ್ಲಿ ಹೋತು? ನೀಲಾ, ಆಯೀ ಡಬ್ಬಿ ನೋಡೀಯೇನ?”

ಹೇಳದೇ ಇದ್ದುಬಿಡೋಣ ಎಂದು ಒಂದು ಕ್ಷಣ ಅನಿಸಿತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಹೇಳಿದರೆ ಗಂಟು ಬಿಚ್ಚುತ್ತದೆ, ಕಟಕೋಳ ಹೋಗುತ್ತದೆ. ಹೇಳದಿದ್ದರೆ ಆಯಿ. ಆ ಒಂದು ಕ್ಷಣದ ನಾಚಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

“ಗಂಟಿನ್ಯಾಗ ಐತಿ,” ಅಂದೆ. “ನಾನ ಇಟ್ಟೇನಿ.”

ಅವ್ವ ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ತೆರೆದಾಗ ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು. ಅವಳ ಮುಖದ ಮೇಲೆ ಆಗ ಬಂದದ್ದನ್ನು ನಾನು ಮತ್ತೆ ಯಾರ ಮುಖದ ಮೇಲೂ ಕಂಡಿಲ್ಲ, ಕಾಣುವುದೂ ಬೇಡ. ಸೆರಗು ಸೊಂಟಕ್ಕೆ ಸಿಗಿಸಿ ಹೊಸ್ತಿಲ ಕಡೆ ಹೆಜ್ಜೆ ಇಟ್ಟಳು. ಆಯಿ ಕೂತಲ್ಲಿಂದಲೇ ಕೈ ಚಾಚಿ ಅವಳ ಸೀರೆಯ ನಿರಿಗೆ ಹಿಡಿದಳು. ಒಂದೊಂದು ಮಾತಿಗೂ ನಡುವೆ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು.

“ಎಲ್ಲಿಗೆ... ಹೊಂಟಿ?”

“ಡಬ್ಬಿ ತರಾಕ್ರಿ.”

“ಒಳಗ ತಂದ್ರ... ಪ್ರಸ್ಥಾನ ಮುರೀತೈತಿ.”

“ಮುರದ್ರ ಮುರೀಲಿರಿ. ನಿಮ್ಮ ಉಸರ ಮೊದಲ. ಕೈ ಬಿಡ್ರಿ ಅತ್ಯಾರ.”

ಆಯಿ ಕೈ ಬಿಡಲಿಲ್ಲ. ಅವ್ವನ ಮುಖವನ್ನೇ ನೋಡಿದಳು. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಇದ್ದೂ ಅವರಿಬ್ಬರು ಹಾಗೆ ಒಬ್ಬರನ್ನೊಬ್ಬರು ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಆಯಿ ಅದೇ ಕೈಯನ್ನು ಮೇಲಕ್ಕೆ ಚಾಚಿದಳು.

“ತರಬ್ಯಾಡ... ಎಬ್ಬಸು ನನ್ನ... ನಾನ ಅಲ್ಲಿಗೆ ಬರತೇನಿ.”

ಕಾಶವ್ವನ ಮನೆಗೆ ಓಡಿದರೆ ನಾಲ್ಕು ಉಸಿರಿನ ದಾರಿ. ಆ ದಿನ ಅದು ಮುಗಿಯಲೇ ಇಲ್ಲ. ಅವ್ವ ಒಂದು ಕಡೆ ಹೆಗಲು ಕೊಟ್ಟಿದ್ದಳು. ಇನ್ನೊಂದು ಕಡೆ ನಾನಿದ್ದೆ, ನನ್ನ ಹೆಗಲು ಆಯಿಯ ಕಂಕುಳಿಗೂ ಮುಟ್ಟುತ್ತಿರಲಿಲ್ಲ. ಬಸು ಅಳುತ್ತ ಹಿಂದೆ. ಆಯಿ ಮೂರು ಕಡೆ ಕೂತಳು, ಮೂರು ಕಡೆಯೂ ಬಿಸಿ ನೆಲ. ಬಂಡಿಯವರೊಬ್ಬರು ಕೆಳಗಿಳಿದು, ಔಷಧ ಇಲ್ಲಿಗೇ ತರಬಾರದೇ ಎಂದು ಕೇಳಿದರು. ಓಣಿಯಲ್ಲಿ ಕೊಟ್ಟರೆ ಪ್ರಸ್ಥಾನ ಮುರಿಯುತ್ತದೋ ಇಲ್ಲವೋ ಎಂದು ಯಾರಿಗೆ ಗೊತ್ತಿತ್ತು? ಆಯಿ ಆ ಸಂಶಯಕ್ಕೂ ಎಡೆ ಕೊಡಲಿಲ್ಲ, ತಲೆ ಅಲ್ಲಾಡಿಸಿ ಮತ್ತೆ ಎದ್ದಳು. ಮೂರು ವರ್ಷ ನಮ್ಮನ್ನು ತಡೆದವಳು, ಈಗ ನಮ್ಮ ಪ್ರಯಾಣ ಮುರಿಯಬಾರದೆಂದು ಉಸಿರಿಲ್ಲದೆ ನಡೆಯುತ್ತಿದ್ದಳು. ನಾನು ಅವಳ ಸೀರೆಯಲ್ಲಿ ಮುಖ ಒತ್ತಿಕೊಂಡು ಜೋರಾಗಿ ಅತ್ತೆ.

ಕಾಶವ್ವ ನೋಡಿದವಳೇ ಗಂಟು ಬಿಚ್ಚಿ, ಕೌದಿ ಕೊಡವಿ ಡಬ್ಬಿ ತೆಗೆದಳು. ಪುಡಿಯನ್ನು ಜೇನಿನಲ್ಲಿ ಕಲಸಿ ನಾಲಗೆಗೆ ಹಚ್ಚಿ, ಬೆನ್ನು ತಿಕ್ಕಿ, ಬಿಸಿನೀರು ಕುಡಿಸಿದರು. ಗೋಡೆಯ ನೆರಳು ಅಂಗಳಕ್ಕೆ ಇಳಿಯುವ ಹೊತ್ತಿಗೆ ಸಿಳ್ಳೆ ಸಣ್ಣದಾಯಿತು. ಆಯಿ ನಮ್ಮ ಗಂಟಿಗೇ ಒರಗಿಕೊಂಡು ಕಣ್ಣು ಮುಚ್ಚಿದಳು. ಸಾವರಿಸಿಕೊಂಡು ಮನೆಗೆ ಹೋಗಲು ಏಳುವಾಗ ಕಾಶವ್ವ ಅಡ್ಡ ನಿಂತಳು.

“ಎಲ್ಲಿಗ್ರೀ? ಪ್ರಸ್ಥಾನದ ಬಾಜೂಕ ಕುಂತು, ಅದರಾಗಿನ ಔಷಧ ತಗೊಂಡೀರಿ. ನೀವೂ ಊರಿಗೆ ಹೊಂಟಂಗ ಆತಲ್ರೀ. ಇನ್ನ ಹೊಳ್ಳಿ ಮನೀಗೆ ಹೋಗೂ ಹಂಗಿಲ್ಲ ನೋಡ್ರಿ.”

ಕಾಶವ್ವ ತಮಾಷೆಗೆ ಅಂದಳೋ ಕಟ್ಟಳೆಯೇ ಹಾಗಿತ್ತೋ ನನಗೆ ಗೊತ್ತಿಲ್ಲ. ಆಯಿ ನಗಲಿಲ್ಲ. ಮತ್ತೆ ಕೂತಳು. ನೆಲ ನೋಡುತ್ತ, ಸಣ್ಣ ಹುಡುಗಿಯ ದನಿಯಲ್ಲಿ ಅಂದಳು:

“ನನ್ನ ಯಾರು ಕರದಾರವ್ವಾ? ಕಿತ್ತೂರಾಗ ನನ್ನ ತವರಿನ ಬಾಗಲಾ ತಗಿಯವರೂ ಉಳದಿಲ್ಲ. ಮಂದೀ ತವರಿಗೆ ಕರೀದ ನಾ ಹೆಂಗ ಬರ್ಲಿ?”

“ನಾ ಕರೀತೇನಲ್ರಿ,” ಅಂದಳು ಅವ್ವ. “ನಮ್ಮವ್ವನ ಮನೀಗೆ ನಾ ಕರದ್ರ ಸಾಕಾಗೂದಿಲ್ಲೇನ್ರಿ?”

ಸಂಜೆ ಅಪ್ಪ ಶಾಲೆಯಿಂದ ಬಂದು, ಆಯಿಯ ಜಾಗ ಬರಿದಾದದ್ದು ನೋಡಿ ಗಾಬರಿಯಿಂದ ಕೇಳಿದ. ಆಯಿ ಊರಿಗೆ ಹೋಗಿದ್ದಾಳೆ ಎಂದು ನಾನು ಹೇಳಿದೆ. ಕಾಶವ್ವನ ಮನೆಗೆ ಹೋಗಿ ತಾಯಿಯನ್ನು ಕಣ್ಣಾರೆ ನೋಡಿಬರುವವರೆಗೆ ಅವನಿಗೆ ಸಮಾಧಾನವಾಗಲಿಲ್ಲ. ಆಯಿ ಸೋಮವಾರದವರೆಗೂ ಅಲ್ಲೇ ಉಳಿದಳು. ಅವಳ ಊಟ ನಾವು ಒಯ್ಯುತ್ತಿದ್ದೆವು, ಅವಳ ಹುಕುಮುಗಳನ್ನು ತರುತ್ತಿದ್ದೆವು. ಅಡಿಕೆ ಕುಟ್ಟುವ ಕುಟ್ಟಾಣಿ ಬೇಕು, ಮೂರು ಸೀರೆ ಬೇಕು, ಬೀಗತಿಯ ಮನೆಗೆ ಬರಿಗೈಯಲ್ಲಿ ಹೋಗಲಾಗದು, ಕೊಬ್ಬರಿ ಗಿಟುಕು ಬೇಕು. ಮಂಗಳವಾರ ನಸುಕಿನಲ್ಲಿ ಚಕ್ಕಡಿ ತಂದ ಹುಸೇನಸಾಬ ಕಾಕಾ ಸಾಮಾನು ನೋಡಿ ತಲೆಗೆ ಕೈ ಹಚ್ಚಿದ.

“ಮಾಸ್ತರ, ಇದು ಚಕ್ಕಡಿ ಐತ್ರಿ, ರೇಲ್ವೆ ಡಬ್ಬಿ ಅಲ್ಲ. ಎತ್ತ ಮಾತಾಡೂದಿಲ್ಲಂತ ಹಿಂಗ ಹೇರೂದೇನ್ರಿ?”

ಏನನ್ನಾದರೂ ಇಳಿಸಬೇಕಾಯಿತು. ಅವ್ವ ಸುತ್ತಿಗೆ, ಮೊಳೆ, ಅಳತೆಪಟ್ಟಿ, ಒಂದು ಛತ್ರಿ ಇಳಿಸಿದಳು. ಅಪ್ಪ ಅವುಗಳನ್ನು ಅಗಲಲಾರದೆ ಅಗಲಿದ. ಹಾದಿಯುದ್ದಕ್ಕೂ ಆಯಿ ಚಕ್ಕಡಿಯ ಹಿಂಬದಿಯಲ್ಲಿ, ಗಾಳಿ ಸಿಗಲೆಂದು, ಕಾಲು ಇಳಿಬಿಟ್ಟು ಕೂತಿದ್ದಳು. ಮುರಗೋಡ ದಾಟಿದ ಮೇಲಿನ ಹಾದಿಯನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಪ್ರತಿ ಹಳ್ಳಕ್ಕೂ ಹೆಸರು ಕೇಳಿದಳು, ಪ್ರತಿ ಬಾವಿಯ ನೀರೂ ನಮ್ಮೂರಿನ ನೀರಿಗಿಂತ ಸಪ್ಪೆ ಎಂದಳು. ಯರಗಟ್ಟಿಯಲ್ಲಿ ತಂಗಿದಾಗ ಅವ್ವ ಮಲಗಲು ಜಾಡಿ ಬಿಚ್ಚುತ್ತ, ಮತ್ತೆ ಮಡಚುತ್ತ ಇದ್ದಳು. ಎರಡನೆಯ ದಿನ ಹುಸೇನ ಕಾಕಾನನ್ನು ಇನ್ನೆಷ್ಟು ದೂರ ಎಂದು ಎಷ್ಟು ಸಲ ಕೇಳಿದಳೆಂದರೆ, ಆ ಕೆಲಸ ನನ್ನದೆಂದು ತಿಳಿದಿದ್ದ ನಾನೇ ಸುಮ್ಮನಾದೆ. ಕಣ್ಣಿನ ಬೆಳಕು ಉಳಿದಿರುತ್ತದೆಯೇ ಎಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳಿದ್ದೆಲ್ಲ ಅದನ್ನೇ.

ಹೊತ್ತು ಇಳಿಯುವಾಗ ಕಟಕೋಳ ಮುಟ್ಟಿದೆವು. ಅಪ್ಪ ಎತ್ತುಗಳಿಗೆ ಭಾರವಾಗದಿರಲೆಂದು ಇಳಿದು ಬಹಳ ಹಿಂದೆ ನಡೆದು ಬರುತ್ತಿದ್ದ. ಬಸು ಅವ್ವನ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಮನೆಯ ಮುಂದೆ ಚಕ್ಕಡಿ ನಿಂತಿತು. ಕಟ್ಟೆಯ ಮೇಲೆ ಕೂತಿದ್ದ ಕಟಕೋಳದ ಅಜ್ಜಿ ಎತ್ತಿನ ಗೆಜ್ಜೆಯ ಸದ್ದಿಗೆ ಎದ್ದು ನಿಂತಳು. ಅವಳು ನಮ್ಮ ಕಡೆ ಮುಖ ಮಾಡಿದ್ದಳು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಗೋಡೆ ಹಿಡಿದು ಇಳಿದು, ಎರಡೂ ಕೈ ಮುಂದೆ ಚಾಚಿ, ಚಕ್ಕಡಿಯ ಹಿಂಬದಿಗೆ ಬಂದಳು. ಅಲ್ಲಿ ಮೊದಲು ಇಳಿದು ನಿಂತವಳು ನಮ್ಮ ಆಯಿ.

“ಬಂದ್ಯಾ ನನ್ನವ್ವಾ? ಬಂದ್ಯಾ?”

ಅಜ್ಜಿ ಆಯಿಯನ್ನು ತಬ್ಬಿದಳು. ಹೆಗಲು ಸವರಿದಳು, ತೋಳು ಸವರಿದಳು, ಎಷ್ಟು ಸೊರಗಿದ್ದೀ ಎಂದಳು, ನಿನಗೆ ಅಲ್ಲಿ ಹೊಟ್ಟೆಗೆ ಹಾಕುವವರಿಲ್ಲವೇ ಎಂದಳು. ಆಯಿ ಕಲ್ಲಾಗಿ ನಿಂತಿದ್ದಳು. ಸವರುತ್ತ ಬಂದ ಕೈ ಮಣಿಕಟ್ಟಿಗೆ ಬಂದು ನಿಂತಿತು. ಅಪ್ಪನ ತಂದೆ ತೀರಿದಂದಿನಿಂದ ಆಯಿ ಬಳೆ ಇಟ್ಟವಳಲ್ಲ. ಅಜ್ಜಿ ಆ ಕೈ ತಡವಿದಳು. ಇನ್ನೊಂದು ಕೈ ತಡವಿದಳು. ಅವಳ ಬಾಯಿ ತೆರೆದುಕೊಂಡಿತು.

“ಬಳೀ ಎಲ್ಲವಾ? ನನ್ನವ್ವಾ... ಬಳೀ ಎಲ್ಲ?”

ಚಕ್ಕಡಿಯೊಳಗೆ ಅವ್ವ ಬಸುವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಆಯಿ ಹಿಂದಕ್ಕೆ ಕೈ ಚಾಚಿ, ಅವ್ವನ ಕೈ ಹಿಡಿದೆಳೆದು, ಹಸಿರು ಬಳೆಗಳು ತುಂಬಿದ ಆ ಮುಂಗೈಯನ್ನು ಅಜ್ಜಿಯ ಅಂಗೈಯೊಳಗೆ ಇಟ್ಟಳು.

“ಇದು ನೋಡವ್ವಾ ನಿನ್ನ ಮಗಳ ಕೈ. ಆಕಿ ಬಳಿ ಗಟ್ಟಿ ಅದಾವು, ನನ್ನ ಮಗ ಹಿಂದ ನಡಕೋತ ಬರಾಕ ಹತ್ಯಾನ. ನಾ ಆಕಿ ಅತ್ತಿ.” ಅವಳ ಉಸಿರು ಮತ್ತೆ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. “ಹ್ವಾದ ವರ್ಷ ಬಂದಿದ್ರ ನೀ ಇಕೀ ಮಖಾ ನೋಡತಿದ್ದಿ. ಮೂರು ವರ್ಷ ನಾನ ಕಳಸಲಿಲ್ಲ.”

ಅಜ್ಜಿ ಅವ್ವನ ಕೈಯ ಬಳೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ ಹೋದಳು, ಒಂದನ್ನೂ ಬಿಡಲಿಲ್ಲ. ಎಲ್ಲ ಮುಟ್ಟಿ ಮುಗಿದ ಮೇಲೆ ಇನ್ನೊಂದು ಕೈಯನ್ನು ಗಾಳಿಯಲ್ಲಿ ಚಾಚಿ ಹುಡುಕಿ, ಆಯಿಯ ಬರಿಗೈಯನ್ನು ಹಿಡಿದುಕೊಂಡಳು.

“ಬಿಸಲಾಗ ನಿಂತೀರಿ,” ಅಂದಳು. “ಒಳಗ ಬರ್ರಿ ಬೀಗತಿ.”